ಅತ್ತರ್ ಶೀಶೆಯ ಒಂಟಿ ಗಂಡು

ಗಂಭೀರವಾದ ಕೆಲಸವೊಂದು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದು, ನಗೆಪಾಟಲಾಗದೆ ಹೊರಗೆ ಹೋದದ್ದನ್ನು ನಾನು ಈವರೆಗೆ ಕಂಡಿಲ್ಲ. ಮದುವೆಯ ಮಾತುಕತೆಯೂ ಅಷ್ಟೇ, ಬೋರ್‌ವೆಲ್ ಕೊರೆಸಿದ್ದೂ ಅಷ್ಟೇ. ವಿಜ್ಞಾನವಾದರೂ ಪಾರಾಗಬಹುದೆಂಬ ಒಂದು ಆಸೆ ಉಳಿದಿತ್ತು. ಈಗ ಅದೂ ಇಲ್ಲ.

ನಾನು ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವಳು. ನಮ್ಮ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹೆಂಗಸು ನಾನೇ ಎಂಬುದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಕಲಬುರಗಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿತ್ತು. ಅದೇ ವಾರ ಒಳ್ಳೆಯ ಸಂಬಂಧವೂ ಸಿಕ್ಕಿತು. ಎರಡರಲ್ಲಿ ಯಾವುದು ಉಳಿಯಿತೆಂದು ಮುಂದೆ ಗೊತ್ತಾಗುತ್ತದೆ. ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಎಲ್ಲವನ್ನೂ ಬರೆದಿಡುವ ಚಟ ಅಲ್ಲಿಂದ ಬಂದದ್ದು. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೂ ಹುಟ್ಟಿದ ತಾರೀಖು ಇದೆ.

ಮನೆ ಇರುವುದು ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ. ನಮ್ಮವರದು ಸುರಪುರ ಬಜಾರಿನಲ್ಲಿ ಅತ್ತರು, ಸುರ್ಮಾ, ಟೋಪಿಗಳ ಅಂಗಡಿ. ಮಗಳು ಕರಾವಳಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಹೋದ ಬೇಸಿಗೆ ಸಮುದ್ರದ ಬಂಡೆಗಳ ಮೇಲೆ ಪಾಚಿ ಕೀಳಲು ಹೋಗಿ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವಳ ಜೊತೆ ಒಂದು ಸೂಕ್ಷ್ಮದರ್ಶಕ ಬಂತು, ಒಂದು ಡಬ್ಬಿಯೂ ಬಂತು. ಡಬ್ಬಿಯೊಳಗೆ ಸ್ಪಿರಿಟ್‌ನಲ್ಲಿ ಮುಳುಗಿಸಿಟ್ಟ, ಸಿಗಡಿಯ ದೂರದ ಬಳಗಕ್ಕೆ ಸೇರಿದ ಪುಟ್ಟ ಜೀವಿಗಳು. ಒಂದೊಂದೂ ಜೀರಿಗೆ ಕಾಳಿನಷ್ಟು. ಜಗತ್ತಿನಲ್ಲಿ ಇನ್ನೂ ಯಾರೂ ಹೆಸರಿಡದ ಜಾತಿ ಇದು ಎಂದು ಮಗಳು ಹೇಳಿದಳು.

ತೊಡಕು ಒಂದೇ. ಡಬ್ಬಿಯಲ್ಲಿ ಹೆಣ್ಣುಗಳು ಬೇಕಾದಷ್ಟಿದ್ದವು, ಗಂಡು ಮಾತ್ರ ಒಂದೇ ಒಂದು. ಈ ಬಳಗದಲ್ಲಿ ಹೆಣ್ಣುಗಳೆಲ್ಲ ನೋಡಲು ಒಂದೇ ಥರ. ಗಂಡಿನ ಎರಡನೇ ಜೋಡಿ ಕೈಯ ಆಕಾರ ನೋಡಿಯೇ ಜಾತಿ ಯಾವುದೆಂದು ತೀರ್ಮಾನಿಸಬೇಕು. ಆ ಒಂಟಿ ಗಂಡಿನ ಅಂಗಾಂಗಗಳ ಚಿತ್ರ ಬರೆದು, ವರ್ಣನೆ ಬರೆದು, ಪತ್ರಿಕೆಗೆ ಕಳಿಸಿ, ಕೊನೆಗೆ ಅದನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಅದು ಕಳೆದರೆ ಜಾತಿಯೂ ಇಲ್ಲ, ಮಗಳು ಇಷ್ಟು ವರ್ಷ ಉಪ್ಪುನೀರಿನಲ್ಲಿ ನಿಂತದ್ದಕ್ಕೆ ಅರ್ಥವೂ ಇಲ್ಲ.

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಓದುವವರಿಗೆ ತೊಂದರೆಯಾಗದಿರಲೆಂದು ಎಲ್ಲರ ಮಾತನ್ನೂ ನಮ್ಮ ಕಡೆಯ ಕನ್ನಡದಲ್ಲೇ ಬರೆದಿದ್ದೇನೆ.

ಒಂದು: ಒಗ್ಗರಣೆಗೆ

ಕಾಲು ಮುರಿದುಕೊಂಡವಳನ್ನು ನೋಡಲು ಬಂದವರಿಗೆಲ್ಲ ನಾನು ಹೊಸ ಜಾತಿಯ ಸುದ್ದಿಯನ್ನೂ ಹೇಳಿದೆ. ಹೆತ್ತವಳಿಗೆ ಅಷ್ಟು ಹೆಮ್ಮೆ ಇರಬಾರದೇ? ಎರಡು ಸುದ್ದಿಗಳನ್ನು ಒಟ್ಟಿಗೆ ಕೇಳಿದವರು ಅವನ್ನು ಒಟ್ಟಿಗೇ ಗಂಟು ಹಾಕಿಕೊಂಡು ಹೋದರು. ವನದುರ್ಗದಿಂದ ಬಂದ ನನ್ನ ನಾದಿನಿ ಮಗಳ ತಲೆ ಸವರಿ ಕಣ್ಣೀರು ಹಾಕಿ, ಇಂಥ ಕ್ರೂರ ಪ್ರಾಣಿಗಳಿರುವ ಕಡೆಗೆ ಹೆಣ್ಣುಮಗಳನ್ನು ಯಾಕೆ ಕಳಿಸಿದಿರಿ ಎಂದು ನನ್ನನ್ನೇ ಬೈದಳು. ಕಾಲು ಮುರಿದದ್ದು ಆ ಪ್ರಾಣಿ ಎಂದೇ ಅವಳ ನಂಬಿಕೆ. ಮಗಳು ಡಬ್ಬಿ ತೆರೆದು ತೋರಿಸಿದಳು. ನಾದಿನಿ ಒಳಗಿದ್ದದ್ದನ್ನು ನೋಡಿದಳು, ತೊಡೆಯವರೆಗಿನ ಪ್ಲಾಸ್ಟರನ್ನು ನೋಡಿದಳು, ಮತ್ತೆ ಡಬ್ಬಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಹುಡುಗಿಗೆ ಹಾಲು ಕುಡಿಸುತ್ತೀರೋ ಇಲ್ಲವೋ ಎಂದು ಕೇಳಿದಳು.

ಎದುರುಮನೆಯ ಅವ್ವ ಕೃಷ್ಣಾ ನದಿಯ ದಂಡೆಯ ಮೀನುಗಾರರ ಮನೆಯ ಮಗಳು. ನೀರಿನ ಪ್ರಾಣಿ ಎಂದರೆ ಆಕೆಗೆ ತವರಿನ ವಿಷಯ. ಅವಳಿಗಾದರೂ ಇದರ ಮಹತ್ವ ತಿಳಿಯುತ್ತದೆಂದು ನಾನು ಕರೆದು ಕೂರಿಸಿ, ಸಮುದ್ರ ಎಂದರೇನು, ಜಾತಿ ಎಂದರೇನು, ಗಂಡು ಒಂದೇ ಇರುವುದರ ಕಷ್ಟವೇನು ಎಂದು ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದೆ. ಆಕೆ ಬಹಳ ಗಮನವಿಟ್ಟು ಕೇಳಿದಳು. ನನಗೆ ಹಳೆಯ ದಿನಗಳು ನೆನಪಾದವು.

"ಎಷ್ಟ ದೊಡ್ಡದ ಆಗ್ತದರಿ ಅದು?" ಎಂದಳು.

"ಇಷ್ಟ ನೋಡವ್ವ. ಜೀರಿಗಿ ಕಾಳಿನಷ್ಟು."

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. "ಹಂಗಾದ್ರ ಪಲ್ಯ ಆಗಂಗಿಲ್ಲ ಬಿಡ್ರಿ. ಒಗ್ಗರಣಿಗೇ ಹಾಕಬೇಕು."

ಎರಡು: ಕಾಕಾನೂ ಬಿಟ್ಟಾನ

ನಮ್ಮೂರಿನ ಬೇಸಿಗೆಗೆ ಸ್ಪಿರಿಟ್ ತಡೆಯುವುದಿಲ್ಲ. ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಡಬ್ಬಿ ದಿನದಿನಕ್ಕೆ ಆರುತ್ತಿತ್ತು. ಒಣಗಿದರೆ ಜೀವಿಗಳು ಮುಟ್ಟಿದಲ್ಲಿ ಪುಡಿಯಾಗುತ್ತವೆ ಎಂದು ಮಗಳು ಕಣ್ಣು ಕೆಂಪು ಮಾಡಿಕೊಂಡಳು. ಸುರಪುರದಲ್ಲಿ ಅವಳಿಗೆ ಬೇಕಾದ ಶುದ್ಧ ಸ್ಪಿರಿಟ್ ಸಿಗಲಿಲ್ಲ. ಅಂಗಡಿ ಬಿಟ್ಟು ನಮ್ಮವರು ಏಳುವವರಲ್ಲ. ಬುರ್ಖಾ ಹಾಕಿಕೊಂಡು, ಚೀಲದಲ್ಲಿ ಖಾಲಿ ಬಾಟಲಿ ಇಟ್ಟುಕೊಂಡು ನಾನೇ ಶಹಾಪುರದ ಬಸ್ಸು ಹತ್ತಿದೆ.

ಔಷಧ ಅಂಗಡಿಯ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡದ್ದೇ ಎದ್ದು ನಿಂತ, ಕುರ್ಚಿ ತರಿಸಿದ, ಚಹಾ ಹೇಳಿದ. ಎಲ್ಲ ಕುಶಲವೂ ಮುಗಿದ ಮೇಲೆ, ಬಂದ ಕೆಲಸ ಏನು ಎಂದು ಕೇಳಿದ. ನಾನು ಬಾಟಲಿ ತೆಗೆದು ಗಲ್ಲೆಯ ಮೇಲೆ ಇಟ್ಟು, ಸ್ಪಿರಿಟ್ ಬೇಕು, ನೀರು ಬೆರೆಸದ್ದು ಬೇಕು, ಆದಷ್ಟು ಕಡಕ್ ಇರಲಿ ಎಂದೆ.

ಅವನು ಬಾಟಲಿ ನೋಡಿದ. ಚಹಾ ತಂದವನನ್ನು ಕಣ್ಣಿನಲ್ಲೇ ಹೊರಗೆ ಕಳಿಸಿದ. ಯಾತಕ್ಕೆ ಎಂದು ಮೆತ್ತಗೆ ಕೇಳಿದ.

ಮನೆಯಲ್ಲಿ ಸಮುದ್ರದ ಹುಳಗಳಿವೆ, ಅವು ಒಣಗದಂತೆ ಮುಳುಗಿಸಿಡಬೇಕು ಎಂದೆ. ಹೇಳುತ್ತಿರುವಾಗಲೇ ಅದು ಹೇಗೆ ಕೇಳಿಸುತ್ತಿದೆ ಎಂಬುದು ನನಗೇ ತಿಳಿಯಿತು. ಆದರೆ ಸತ್ಯವನ್ನು ಬೇರೆ ಯಾವ ರೀತಿ ಹೇಳಲಿ? ಅವನು ತಲೆ ತಗ್ಗಿಸಿ ಬಹಳ ಹೊತ್ತು ಬಿಲ್ ಪುಸ್ತಕ ತಿರುವಿದ. ಕೊನೆಗೆ ಒಳಗಿನಿಂದ ಬಾಟಲಿ ತುಂಬಿಸಿ ತಂದು, ಅದಕ್ಕೆ ಮೂರು ಸುತ್ತು ಪೇಪರ್ ಸುತ್ತಿ, ಯಾರೂ ನೋಡದಂತೆ ನನ್ನ ಚೀಲದೊಳಗೆ ಇಟ್ಟ.

"ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ," ಎಂದ. ಅವನ ಕಣ್ಣಲ್ಲಿ ನೀರಿತ್ತು. "ಮನಸ್ಸು ಗಟ್ಟಿ ಮಾಡಿದ್ರ ಎಲ್ಲಾ ಆಗ್ತದ. ನಮ್ಮ ಕಾಕಾನೂ ಬಿಟ್ಟಾನ."

ಮೂರು: ಏ

ಜಾತಿಗೆ ಹೆಸರಿಡುವ ದಿನ ಮನೆಯಲ್ಲಿ ಮಗುವಿಗೆ ಹೆಸರಿಡುವಷ್ಟೇ ಗಲಾಟೆಯಾಯಿತು. ಅಂಗಡಿಯ ಹೆಸರನ್ನೇ ಇಡು, ಜಗತ್ತಿಗೆಲ್ಲ ಪುಕ್ಕಟೆ ಪ್ರಚಾರ ಸಿಗುತ್ತದೆ ಎಂದು ನಮ್ಮವರು. ಹಾಗೆಲ್ಲ ಇಡಲು ಬರುವುದಿಲ್ಲ ಎಂದು ಮಗಳು. ಊರಿನ ಹೆಸರಾದರೂ ಇಡಬಹುದಲ್ಲ ಎಂದು ನಾನು. ಲ್ಯಾಟಿನ್‌ನಲ್ಲಿ ಊರಿನ ಹೆಸರಿಗೆ 'ಎನ್ಸಿಸ್' ಎಂದು ಬಾಲ ಹಚ್ಚುತ್ತಾರೆ ಎಂಬುದು ಬಿಎಸ್ಸಿಯಿಂದ ನನ್ನ ನೆನಪಿನಲ್ಲಿ ಉಳಿದಿತ್ತು. 'ಸುರಪುರೆನ್ಸಿಸ್'. ಕೇಳಲು ಎಷ್ಟು ಚೆಂದ! ಮಗಳಿಗೂ ಇಷ್ಟವಾಯಿತು. ತನ್ನ ಗೈಡ್ ಸರ್‌ಗೆ ಫೋನ್ ಮಾಡಿ, ನಾವೆಲ್ಲ ಕೇಳಲೆಂದು ಸ್ಪೀಕರ್ ಹಾಕಿದಳು.

ಸರ್ ದಕ್ಷಿಣದವರು, ಸೌಮ್ಯವಾಗಿ ಮಾತಾಡುವವರು. "ನೋಡಮ್ಮ, ಆ ಬಾಲ ಇದ್ದರೆ ಪ್ರಾಣಿ ಆ ಊರಿನಲ್ಲಿ ಸಿಕ್ಕಿದೆ ಎಂದು ಓದುವವರು ತಿಳಿದುಕೊಳ್ಳುತ್ತಾರೆ. ಸುರಪುರದಲ್ಲಿ ಸಮುದ್ರ ಎಲ್ಲಿದೆ?" ಎಂದರು.

ನಮ್ಮವರು ಫೋನಿನ ಕಡೆ ಬಾಗಿ, "ನಳಾ ಬಿಟ್ಟ ದಿನ ನಮ್ಮ ಓಣಿಗೆ ಬರ್ರಿ ಸರ್, ತೋರಸ್ತೀನಿ," ಎಂದರು. ಸರ್ ಆಮೇಲೆ ಫೋನಿನಲ್ಲಿ ಇದ್ದರೋ ಇಲ್ಲವೋ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಮಗಳು ನನ್ನ ಹತ್ತಿರ ಬಂದು ಕುಳಿತು, ನಿನ್ನ ಹೆಸರನ್ನೇ ಇಡುತ್ತೇನೆ ಅಮ್ಮಿ ಎಂದಳು. ಪ್ರಾಣಿಶಾಸ್ತ್ರ ಓದಿ ಅಲ್ಲಿಗೇ ಬಿಟ್ಟವಳು ನೀನು, ನಿನ್ನ ಹೆಸರಾದರೂ ಮುಂದೆ ಹೋಗಲಿ ಎಂದಳು. ನಾನು ಅಳುವವಳಲ್ಲ. ಅಂದು ಕಣ್ಣಿಗೆ ಈರುಳ್ಳಿ ತಾಗಿತು ಎಂದು ಬರೆದುಕೊಂಡಿದ್ದೇನೆ.

ಹೆಸರಿಡುವ ರೀತಿಯನ್ನೂ ವಿವರಿಸಿದಳು. ಹೆಂಗಸಿನ ಹೆಸರಾದರೆ ಅದರ ಕೊನೆಗೆ ಲ್ಯಾಟಿನ್‌ನಲ್ಲಿ 'ಏ' ಎಂದು ಸೇರಿಸಬೇಕಂತೆ. ನಾನು ನನ್ನ ಹೆಸರಿಗೆ 'ಏ' ಹಚ್ಚಿ ಗಟ್ಟಿಯಾಗಿ ಹೇಳಿ ನೋಡಿದೆ.

ನಮ್ಮವರು ಮದುವೆಯಾದಂದಿನಿಂದ ನನ್ನನ್ನು ಕರೆಯುವುದೇ 'ಏ' ಎಂದು. ವಿಜ್ಞಾನದ ದಯೆಯಿಂದ ಅದರ ಮುಂದೆ ಹೆಸರೂ ಸೇರಿತು.

ನಾಲ್ಕು: ವರ್ಣನೆ

ನನ್ನ ಹೆಸರು ಹೊತ್ತ ಜಾತಿಯ ವರ್ಣನೆಯನ್ನು ಕನ್ನಡದಲ್ಲಿ ಕೇಳಬೇಕೆಂಬ ಆಸೆ ನನಗೆ. ಒಂದು ಸಂಜೆ ಮಗಳು ಓದಿ ಹೇಳಿದಳು. ಗಂಡಿನ ಭಾಗ ಇನ್ನೂ ಮುಗಿದಿರಲಿಲ್ಲ, ಹೆಣ್ಣಿನದು ಸಿದ್ಧವಿತ್ತು. ನಮ್ಮವರು ಚಹಾ ಕುಡಿಯುತ್ತ ಅಲ್ಲೇ ಕುಳಿತಿದ್ದರು.

ಬೆನ್ನು ಬಾಗಿದೆ. ಕಣ್ಣು ದೊಡ್ಡದು, ಕಪ್ಪು. ದವಡೆ ಬಲವಾಗಿದ್ದು ಅಂಚಿನಲ್ಲಿ ಹಲ್ಲುಗಳಿವೆ. ಜೀವಂತವಿರುವಾಗ ಬಾಯಿಯ ಭಾಗಗಳು ಒಂದೇ ಸಮನೆ ಆಡುತ್ತಿರುತ್ತವೆ. ಇದ್ದ ಜಾಗ ಬಿಟ್ಟುಕೊಡುವುದಿಲ್ಲ. ಮುಟ್ಟಿದರೆ ಸಿಡಿದು ಬೀಳುತ್ತದೆ.

ನಮ್ಮವರು ಬಟ್ಟಲು ಕೆಳಗಿಟ್ಟರು. ಮಗಳ ಪ್ಲಾಸ್ಟರನ್ನು ಬಹಳ ಮರುಕದಿಂದ ಸವರಿದರು.

"ಇದನ್ನ ಹುಡುಕಾಕ ಅಷ್ಟ ದೂರ ಹೋಗಿ ಕಾಲ ಯಾಕ ಮುರಕೊಂಡಿ ಬೇಟಿ? ಮನ್ಯಾಗ ಕೇಳಿದ್ರ ನಾನ ಹೇಳ್ತಿದ್ನಲ್ಲ."

ಐದು: ಕಿವಿ

ಇಷ್ಟೆಲ್ಲ ನಡೆದರೂ ಆ ಒಂಟಿ ಗಂಡು ಕ್ಷೇಮವಾಗಿತ್ತು. ಹೆಣ್ಣುಗಳ ನಡುವೆ ಉಜ್ಜಿ ಅದರ ಕೈಕಾಲು ಮುರಿಯಬಾರದೆಂದು ಮಗಳು ಅದಕ್ಕೆ ಬೇರೆ ಮನೆ ಮಾಡಬೇಕೆಂದಳು. ಸಣ್ಣ ಗಾಜಿನ ಶೀಶೆ ಬೇಕಿತ್ತು. ಅತ್ತರ್ ಅಂಗಡಿಯವರ ಮಗಳಿಗೆ ಸಣ್ಣ ಶೀಶೆಗೆ ಬರವೇ? ನಮ್ಮವರು ಒಂದು ಹೊಸ ಶೀಶೆಯನ್ನು ಪ್ರೀತಿಯಿಂದ ತಂದುಕೊಟ್ಟರು. ಮಗಳು ಅದರಲ್ಲಿ ಸ್ಪಿರಿಟ್ ತುಂಬಿ, ಗಂಡನ್ನು ಬಿಟ್ಟು, ಅದು ಅಲುಗಾಡದಂತೆ ಮೇಲೆ ಒಂದು ಚೂರು ಹತ್ತಿ ಇಟ್ಟು, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿದಳು. ಹೊರಗೆ ಏನನ್ನಾದರೂ ಬರೆದು ಅಂಟಿಸು ಎಂದು ನಾನು ಹೇಳಿದೆ. ಹೊರಗೆ ಬರೆದದ್ದು ಸ್ಪಿರಿಟ್‌ಗೆ ಅಳಿಸುತ್ತದೆ, ಒಳಗೇ ಇರಬೇಕು, ಅದು ಶಾಸ್ತ್ರ ಎಂದಳು. ಶಾಸ್ತ್ರಕ್ಕೆ ನಾನು ಎದುರಾಡಲಿಲ್ಲ.

ಅದರ ಮರುದಿನ ಶುಕ್ರವಾರ. ಕಕ್ಕೇರಾದಿಂದ ನಮ್ಮ ಭಾವನವರು, ಎಂದರೆ ನಮ್ಮವರ ಅಣ್ಣ, ಏನೋ ಕೆಲಸಕ್ಕೆ ಸುರಪುರಕ್ಕೆ ಬಂದವರು, ಜುಮ್ಮಾ ನಮಾಜಿಗೆ ಮೊದಲು ನಮ್ಮ ಮನೆಗೆ ಬಂದರು. ಹಿರಿಯರು. ಬಲಗಿವಿ ಸ್ವಲ್ಪ ಮಂದ, ಎಡಗಿವಿ ಚುರುಕು. ತಮ್ಮನ ಮನೆಯಲ್ಲಿ ಅತ್ತರು ಎಲ್ಲಿ ಕಂಡರೂ ಹಚ್ಚಿಕೊಳ್ಳುವ ಹಕ್ಕು ತಮಗಿದೆ ಎಂದು ತಿಳಿದವರು. ಆ ಹಕ್ಕು ಅವರಿಗೆ ಇದ್ದದ್ದೂ ನಿಜ. ಮಗಳು ಕೋಲು ಊರಿಕೊಂಡು ಕೈ ತೊಳೆಯಲು ಹೋಗಿದ್ದಳು. ಸೂಕ್ಷ್ಮದರ್ಶಕದ ಪಕ್ಕ ಶೀಶೆ ಒಂದೇ ಇತ್ತು.

ನಾನು ಶರಬತ್ತು ಹಿಡಿದು ಒಳಗೆ ಬಂದಾಗ ಭಾವನವರು ಮಣಿಕಟ್ಟು ಮೂಸಿ ನೋಡುತ್ತಿದ್ದರು.

"ಠಂಡಾ ಅದ," ಎಂದರು. "ಖಸ್ ಇರಬೇಕು. ಆದ್ರ ಅಸಲಿ ಅಲ್ಲ. ನಾತ ಬರಾಕತ್ತದ."

ಖಸ್ ಎಂದರೆ ಲಾವಂಚದ ಅತ್ತರು, ಬೇಸಿಗೆಯಲ್ಲಿ ಮೈಗೆ ತಂಪು. ಅತ್ತರು ಹಚ್ಚಿಕೊಂಡ ಮೇಲೆ ಅದರ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ದಿನವಿಡೀ ಪರಿಮಳ ಇರುತ್ತದೆ. ನಾನು ಶೀಶೆ ನೋಡಿದೆ. ಸ್ಪಿರಿಟ್ ಅರ್ಧ ಇತ್ತು, ಚೀಟಿ ಇತ್ತು. ಹತ್ತಿ ಇರಲಿಲ್ಲ, ಗಂಡೂ ಇರಲಿಲ್ಲ. ಭಾವನವರ ಎಡಗಿವಿಯ ಮಡಿಕೆಯಲ್ಲಿ ಹತ್ತಿ ಬೆಳ್ಳಗೆ ಕಾಣುತ್ತಿತ್ತು.

ಅಷ್ಟರಲ್ಲಿ ಮಗಳು ಬಂದಳು. ಕಂಡಳು. ಮುಟ್ಟಬೇಡಿ ಬಡೇ ಅಬ್ಬಾ ಎಂದು ಕೂಗಿದಳು. ನಾನೂ ಕೂಗಿದೆ. ಒಳಗಿಂದ ನಮ್ಮವರೂ ಬಂದು, ಯಾಕೆಂದು ತಿಳಿಯದೆ ಕೂಗಿದರು. ಚುರುಕು ಕಿವಿಗೆ ಹತ್ತಿ ಅಡ್ಡವಾಗಿತ್ತು, ಇನ್ನೊಂದಕ್ಕೆ ಮೊದಲೇ ಕೇಳಿಸದು. ಎಲ್ಲರೂ ಇಷ್ಟು ಜೋರಾಗಿ ಏನು ಹೇಳುತ್ತಿದ್ದಾರೆಂದು ಸರಿಯಾಗಿ ಕೇಳಿಸಿಕೊಳ್ಳಲು ಭಾವನವರು ಹತ್ತಿಗೆ ಬೆರಳು ಹಾಕಿದರು. ಹತ್ತಿ ಹೊರಗೆ ಬರುವ ಬದಲು ಒಳಗೆ ಹೋಯಿತು.

ಮಗಳು ಒಂಟಿಕಾಲಲ್ಲಿ ಕುಪ್ಪಳಿಸಿಕೊಂಡು ಅವರ ಕಿವಿಯ ಹತ್ತಿರ ಬಂದಳು. ಅವಳ ಮುಖ ನೋಡಿ ಭಾವನವರು ನನ್ನ ಕಡೆ ತಿರುಗಿ, ಏನಾಯಿತು ಎಂದು ಕೈಸನ್ನೆ ಮಾಡಿದರು. ನಾನು ಅವರ ಮಂದ ಕಿವಿಗೆ ಬಾಯಿ ಹಚ್ಚಿ, ನಿಮ್ಮ ಕಿವಿಯಲ್ಲಿ ಸಿಗಡಿ ಇದೆ ಎಂದೆ. ಬೇರೆ ಯಾವ ಹೊತ್ತಿನಲ್ಲೂ ಒಬ್ಬ ಹಿರಿಯರಿಗೆ ಹಾಗೆ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

"ಸಿಗಡಿ ಹಲಾಲ್, ನಡೀತದ," ಎಂದರು ಅವರು ಗಂಭೀರವಾಗಿ, ಮಣಿಕಟ್ಟು ಮತ್ತೆ ಮೂಸಿ. "ಸ್ಪಿರಿಟ್ ಇತ್ತೇನು?"

ಶಹಾಪುರದ ಕಿವಿ ಡಾಕ್ಟರ ಬಳಿಗೆ ಆಟೊದಲ್ಲಿ ಹೊರಟೆವು. ತಲೆ ಅಲ್ಲಾಡಿಸಬೇಡಿ ಎಂದು ಮಗಳು ಕೈಮುಗಿದು ಕೇಳಿಕೊಂಡಳು. ಜೀವನವಿಡೀ ಯಾರು ಏನು ಹೇಳಿದರೂ ತಲೆ ಅಲ್ಲಾಡಿಸಿ 'ಇಲ್ಲ' ಎನ್ನುತ್ತಲೇ ಬಂದವರು ನಮ್ಮ ಭಾವನವರು. ಅಂದು ದಾರಿಯುದ್ದಕ್ಕೂ ಕತ್ತು ಒಂದು ಕಡೆ ವಾಲಿಸಿ, ಗೋರಿಯ ಕಲ್ಲಿನಂತೆ ಕುಳಿತಿದ್ದರು. ರಸ್ತೆಯ ಪ್ರತಿಯೊಂದು ತಗ್ಗಿಗೂ ಮಗಳು ಕಣ್ಣು ಮುಚ್ಚುತ್ತಿದ್ದಳು. ಜುಮ್ಮಾ ತಪ್ಪಿತು.

ಡಾಕ್ಟರು ಕಿವಿಯಲ್ಲಿ ಏನಿದೆ ಎಂದರು. ಹತ್ತಿ, ಅದರೊಳಗೆ ಜಗತ್ತಿನಲ್ಲಿ ಒಂದೇ ಒಂದು ಇರುವ ಪ್ರಾಣಿ ಎಂದು ನಾನು ಹೇಳಿದೆ. ಅವರು ಹಾಳೆಯ ಮೇಲೆ 'ಹುಳ' ಎಂದು ಬರೆದುಕೊಂಡರು. ಪಿಚಕಾರಿಯಲ್ಲಿ ನೀರು ಬಿಟ್ಟು ತೊಳೆದರೆ ಮುಗಿಯಿತು ಎಂದರು. ಮಗಳು ಅವರ ಕೈ ಹಿಡಿದಳು. ನೀರು ಬೇಡ, ಕೊಚ್ಚಿ ಹೋಗುತ್ತದೆ, ಚಿಮಟ ಒತ್ತಬೇಡಿ, ಬೇಕಿದ್ದರೆ ಕಿವಿಗೆ ಸ್ವಲ್ಪ ಸ್ಪಿರಿಟ್ ಬಿಡಿ ಎಂದಳು. ಸ್ಪಿರಿಟ್ ಎಂಬ ಮಾತು ಭಾವನವರಿಗೆ ಯಾವ ಕಿವಿಯಿಂದ ಕೇಳಿಸಿತೋ, ಕುರ್ಚಿಯಿಂದ ಏಳಲು ನೋಡಿದರು. ನಾವಿಬ್ಬರೂ ಅವರ ತಲೆ ಹಿಡಿದುಕೊಂಡೆವು.

ಡಾಕ್ಟರು ಚಿಮಟ ಕೆಳಗಿಟ್ಟರು. "ಒಂದ ಮಾತು ಹೇಳ್ರಿ. ನಿಮ್ಮ ಪೇಷಂಟ್ ಯಾರು? ಇವರೋ, ಒಳಗಿನದೋ?"

ನಾನು ಮಗಳನ್ನು ನೋಡಿದೆ, ಮಗಳು ಆ ಎಡಗಿವಿಯನ್ನು ನೋಡಿದಳು. ಭಾವನವರು ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು.

ಹತ್ತಿ ಹೊರಗೆ ಬಂತು. ಮಗಳು ಅದನ್ನು ಶೀಶೆಯ ಸ್ಪಿರಿಟ್‌ಗೆ ಹಾಕಿಕೊಂಡು, ಅಲ್ಲೇ ಕಿಟಕಿಯ ಬೆಳಕಿನಲ್ಲಿ ಮಸೂರ ಹಿಡಿದು, ಸೂಜಿಯಿಂದ ಎಳೆ ಎಳೆ ಬಿಡಿಸಿದಳು. ಗಂಡು ಇತ್ತು. ಎರಡನೇ ಜೋಡಿ ಕೈ, ಅದರ ಮೇಲೆಯೇ ಎಲ್ಲ ನಿಂತಿದ್ದ ಕೈ, ಎರಡೂ ಇದ್ದವು. ಮಗಳು ಗೋಡೆಗೆ ಒರಗಿ ಅತ್ತಳು. ಆಮೇಲೆ ಮತ್ತೆ ಎಣಿಸಿದಳು. ಬಲಗಡೆಯ ಕೊನೆಯ ಕಾಲು ಇರಲಿಲ್ಲ. ಹತ್ತಿಯಲ್ಲೂ ಇಲ್ಲ, ಶೀಶೆಯಲ್ಲೂ ಇಲ್ಲ. ಡಾಕ್ಟರು ಇನ್ನೊಮ್ಮೆ ದೀಪ ಹಿಡಿದು ಕಿವಿಯೊಳಗೆ ನೋಡಿ, ಇಲ್ಲಿರುವುದರಲ್ಲಿ ಯಾವುದು ಕಾಲು, ಯಾವುದು ಕಕ್ಕೇರಾದ ಧೂಳು ಎಂದು ತಮಗೆ ಹೇಳಲಾಗದು ಎಂದರು.

ಭಾವನವರಿಗೆ ಪಾಪ ಎನಿಸಿತು. ಎಡಗಡೆಯ ಕಾಲು ಇದೆಯಲ್ಲ ಬೇಟಿ, ಅದನ್ನು ನೋಡಿ ಬರಿ ಎಂದು ಸಮಾಧಾನ ಹೇಳಿದರು. ಅದು ಸರಿಯೂ ಆಗಿತ್ತು. ಮಗಳು ಹಾಗೆಯೇ ಚಿತ್ರ ಬರೆದು ಮುಗಿಸಿದಳು. ಆದರೆ ಊರಿಗೆ ಹೋದ ಮೇಲೆ ಭಾವನವರ ಸ್ವರ ಬದಲಾಯಿತು. ಇಡೀ ಸಮುದ್ರ ಬಿಟ್ಟು ತನ್ನ ಕಿವಿಗೆ ಬಂದ ಪ್ರಾಣಿ, ಆದ್ದರಿಂದ ಅದಕ್ಕೆ ತನ್ನ ಹೆಸರು ಇಡುವುದೇ ನ್ಯಾಯ ಎಂದು ಕಕ್ಕೇರಾದಲ್ಲೆಲ್ಲ ಹೇಳಿಕೊಂಡು ಬಂದರು. ಈಗಲೂ ಕಿವಿ ತುರಿಸಿದಾಗ ಫೋನ್ ಮಾಡುತ್ತಾರೆ: "ಕಾಲ ಅಲ್ಲಾಡಾಕತ್ತದ. ಬಂದು ತಗೊಂಡ ಹೋಗ್ರಿ."

ಲೇಖನ ಅಚ್ಚಾಯಿತು. ಜಾತಿ ಹುಟ್ಟಿತು. ಅದರ ಬಾಲದಲ್ಲಿ ನನ್ನ ಹೆಸರಿದೆ, 'ಏ' ಸಮೇತ. ಅಂಥ ಲೇಖನದಲ್ಲಿ ಪ್ರಾಣಿ ಎಲ್ಲಿದೆ, ಬೇರ್ಪಡಿಸಿದ ಅದರ ಭಾಗಗಳು ಎಲ್ಲಿವೆ ಎಂದು ಒಂದೊಂದನ್ನೂ ತಿಳಿಸಬೇಕು. ಮಗಳು ಆ ಕಾಲಿನ ಮುಂದೆ 'ಕಳೆದಿದೆ' ಎಂದು ಬರೆದಳು. ನಾನು ಬೇಡವೆಂದೆ. ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುವುದನ್ನು ಕಳೆದಿದೆ ಎಂದು ಬರೆಯುವುದು ಯಾವ ಸೀಮೆಯ ದಾಖಲೆ? ಅವಳು ಕೇಳಲಿಲ್ಲ. ಸರ್ ಮತ್ತೆ ಅಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳುತ್ತಾರೆ ಅಮ್ಮಿ ಎಂದಳು.

ವಿಜ್ಞಾನದಲ್ಲಿ ಬರದೆ ಹೋದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಗಂಡು, ಒಂದು: ಸಂಗ್ರಹಾಲಯದಲ್ಲಿದೆ. ಅದರ ಬಲಗಡೆಯ ಕೊನೆಯ ಕಾಲು: ಕಕ್ಕೇರಾದಲ್ಲಿದೆ, ನಮ್ಮ ಭಾವನವರ ಎಡಗಿವಿಯಲ್ಲಿ.